ಸೊಂಟ ಕುಣಿಸದೆ ಇಳಿಯದ ಶ್ಪೆಟ್ಸ್ಲೆ

ಕೊಲ್ಲಿ ದೇಶದ ಸನದ್‌ ಊರಿನ ನಮ್ಮ ಕಟ್ಟಡದಲ್ಲಿ ನನ್ನ ಅನುಕರಣೆಯಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ. ವಾಚ್‌ಮನ್‌ನ ಕೆಮ್ಮು, ಊರಿಗೆ ಫೋನ್ ಮಾಡುವಾಗ ಅರಬ್ಬೀ ಸಮುದ್ರದಾಚೆಗೂ ನೇರವಾಗಿ ಕೇಳಬಲ್ಲ ಅಮ್ಮನ ದನಿ, ಕನ್ನಡಿಯೆದುರು ನಿಂತು ಇರುವ ನಾಲ್ಕು ಕೂದಲನ್ನೇ ತಲೆತುಂಬ ಹರಡಿಕೊಳ್ಳುವ ನಾನು, ಎಲ್ಲರೂ ನನ್ನ ಸರಕೇ. ಆದರೆ ಹೆಚ್ಚು ನಗು ಗಿಟ್ಟಿಸುತ್ತಿದ್ದದ್ದು ಮೇಲಿನ ಮನೆಯ ಜರ್ಮನ್ ಆಂಟಿ.

ಆಂಟಿ ದಕ್ಷಿಣ ಜರ್ಮನಿಯ ಸ್ವಾಬಿಯಾದವರು. ಇಲ್ಲೇ ಹತ್ತಿರದ ಅವಾಲಿಯಲ್ಲಿ ಕೆಲಸಕ್ಕಿದ್ದ ಮಂಗಳೂರಿನ ಅಂಕಲ್‌ನನ್ನು ಮದುವೆಯಾದವರು. ಅತ್ತೆಯಿಂದ ಕೊಂಕಣಿ ಕಲಿತರು, ನಮ್ಮಮ್ಮನಿಂದ ಕನ್ನಡ. ಪ್ರತಿ ಶುಕ್ರವಾರ ಅವರ ಮನೆಯಲ್ಲಿ ಇಡೀ ಮಸೂರ ಬೇಯಿಸಿ ವಿನೆಗರ್ ಹಾಕಿದ ಸಾರು, ಜೊತೆಗೆ ಶ್ಪೆಟ್ಸ್ಲೆ ಎಂಬ ಅವರ ಊರಿನ ಶ್ಯಾವಿಗೆ. ಮೈದಾ, ಮೊಟ್ಟೆ ಕಲಸಿದ ಅಂಟು ಹಿಟ್ಟನ್ನು ಒದ್ದೆ ಹಲಗೆಯ ಮೇಲೆ ಹರಡಿ, ಚಾಕುವಿನಿಂದ ಎಳೆ ಎಳೆಯಾಗಿ ಕುದಿಯುವ ನೀರಿಗೆ ಕೆರೆಯುವುದು. ಆಂಟಿ ಕೆರೆದಾಗಲೆಲ್ಲ ಸೊಂಟವೂ ಒಂದು ಸಲ ಆಚೆ, ಒಂದು ಸಲ ಈಚೆ. ನನಗೆ ಅಷ್ಟು ಸಾಕಿತ್ತು.

ಈ ಸಲದ ಬೇಸಿಗೆಯಲ್ಲಿ ಅಂಕಲ್‌ಗೆ ಹೃದಯದ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದವರು ಊಟವನ್ನೇ ಬಿಟ್ಟರು. ಅದೇ ವಾರ ಆಂಟಿ ಬಚ್ಚಲಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಅಮ್ಮ ಕಳಿಸಿದ ಗಂಜಿ, ಮೀನುಸಾರು ಎಲ್ಲ ಹಾಗೆಯೇ ವಾಪಸ್. ಹೀಗೇ ಆದರೆ ಪುನಃ ಅಡ್ಮಿಟ್ ಮಾಡಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಅಂಕಲ್ ಕೇಳಿದ್ದು ಒಂದೇ: "ಶ್ಪೆಟ್ಸ್ಲೆ ಇದ್ರೆ ನೋಡುವ."

ಅಮ್ಮ ನಮ್ಮ ಶ್ಯಾವಿಗೆ ಒತ್ತುವ ಮಣೆಯನ್ನು ನನ್ನ ಹೆಗಲಿಗೇರಿಸಿ ಮೇಲೆ ಹೋದಳು. ಹೊತ್ತವನು ನಾನು, ಏದುಸಿರು ಅವಳದು.

"ಒತ್ತಿದ್ದಾ? ಅವ್ರು ಮುಟ್ಟುದಿಲ್ಲ ಮಾರಾಯ್ತಿ," ಎಂದರು ಆಂಟಿ. "ನನ್ನ ತಾಯಿ ಆದ್ರೆ ಹಲಗೆ ತಗೊಂಡು ನಿಮ್ಗೇ ನಾಲ್ಕು ಬಾರಿಸ್ತಿದ್ರು." ಆಮೇಲೆ ನನ್ನತ್ತ ತಿರುಗಿದರು. "ಇವ ಕೆರೀಲಿ."

"ನಾನಾ? ನಾನು ಮೊಟ್ಟೆ ಒಡೆದ್ರೆ ಸಿಪ್ಪೆಯೇ ಜಾಸ್ತಿ ಬೀಳ್ತದೆ ಆಂಟಿ!"

"ಕ್ರಿಸ್‌ಮಸ್ ಪಾರ್ಟಿಯಲ್ಲಿ ಚಂದ ಕೆರ್ದಿದ್ದಿ ಅಲ್ವಾ, ನನ್ನ ಹಾಗೆ? ನಾನು ಬಾಗಿಲ ಹತ್ರವೇ ಇದ್ದೆ."

ಅಮ್ಮ ಚಾವಣಿ ನೋಡಿದಳು. ಅವಳು ಕಲಸಿಕೊಟ್ಟ ಹಿಟ್ಟು ಹರಡಿ ನಾನು ಹಲಗೆ ಹಿಡಿದೆ. ಮರ್ಯಾದಸ್ಥನಂತೆ ನೆಟ್ಟಗೆ ನಿಂತು ಕೆರೆದೆ. ನೀರಿಗೆ ಬಿದ್ದದ್ದು ಗೋಳಿಬಜೆಯಂಥ ಮುದ್ದೆ.

"ಸೊಂಟ ಎಲ್ಲಿ?"

"ಆಂಟಿ, ಅದು ಸುಮ್ನೆ ತಮಾಷೆಗೆ..."

"ತಮಾಷೆ ಎಂತ? ಮೈ ಆಡದಿದ್ರೆ ಚಾಕು ಆಡುದಿಲ್ಲ. ಯಲ್ಲಾ, ಶುರು ಮಾಡು!"

ನಗಿಸಲು ಕುಣಿಸಿದ್ದ ಸೊಂಟವನ್ನು ಯಾರೂ ನಗದ ಅಡುಗೆಮನೆಯಲ್ಲಿ ಕುಣಿಸುವುದು ಎಷ್ಟು ಕಷ್ಟ! ಆಚೆ, ಈಚೆ. ತಕ್, ತಕ್. ಹಿಟ್ಟು ಸಪೂರವಾಗಿ ಇಳಿದು ಮುಳುಗಿ, ಒಂದೊಂದೇ ಎಳೆಯಾಗಿ ತೇಲಿ ಬಂತು. ಆಂಟಿ ಎಡಗೈಯಲ್ಲಿ ಜಾಲರಿ ಸೌಟು ಹಿಡಿದು ತೆಗೆದುಕೊಳ್ಳುತ್ತಾ ಹೋದರು.

ಹಲಗೆಯ ಸದ್ದಿಗೆ ಅಂಕಲ್ ವಾಕರ್ ತಳ್ಳಿಕೊಂಡು ಬಾಗಿಲಿಗೆ ಬಂದಿದ್ದರು. ಬಹಳ ಹೊತ್ತಿನಿಂದಲೇ ನಿಂತಿದ್ದರೇನೋ.

"ಕೈ ಇವನದ್ದು," ಎಂದರು, "ಸೊಂಟ ನಿನ್ನದೇ ಮಾರಾಯ್ತಿ."

ನಗಲು ಹೋಗಿ ಎದೆಯ ಹೊಲಿಗೆ ಒತ್ತಿ ಹಿಡಿದುಕೊಂಡರು. ಕೂತರು. ಆಂಟಿ ತಟ್ಟೆ ಮುಂದಿಟ್ಟರು. ಮೊದಲ ಚಮಚ ಬಾಯಿಗೆ ಹೋಯಿತು. ಎರಡನೆಯದು ಹೋಯಿತು. ತಟ್ಟೆಯಲ್ಲಿ ಅರ್ಧ ಉಳಿದಿರುವಾಗಲೇ ಅದನ್ನು ನನ್ನತ್ತ ಚಾಚಿದರು.

"ಇನ್ನೂ ಸ್ವಲ್ಪ ಹಾಕು."

ನನ್ನ ಬಾಯಿಂದ ಬಂದದ್ದು ಆಂಟಿಯ ದನಿ: "ಮೊದ್ಲು ಹಾಕಿದ್ದು ಮುಗ್ಸಿ!"

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ಅಂಕಲ್ ತಲೆ ತಗ್ಗಿಸಿ ಮುಗಿಸಿದರು.