ಬಾರುಕೋಲಿಲ್ಲದ ಓಟಕ್ಕೆ ಬಂದ ಜನ

ಗೆಳೆಯರೇ, ಈ ಸಲದ ಟಾಂಗಾ ಓಟದ ಹಂಗಾಮಿಗೆ ಅಧಿಕಾರಿಗಳು ಒಪ್ಪಿಕೊಂಡದ್ದು ಮೈದಾನ, ಕುಡಿಯುವ ನೀರು, ಪಶುವೈದ್ಯರು. ಕೊಟ್ಟದ್ದು ಮೈದಾನ ಮಾತ್ರ. ಮೊದಲ ಓಟಕ್ಕೆ ಜನ ಸೇರದಿದ್ದರೆ ಅದೂ ಇಲ್ಲ ಎಂದು ಷರತ್ತು ಬೇರೆ.

ಇಂದು ಬೆಳಿಗ್ಗೆ ಗಂಗಾವತಿಯ ಮೈದಾನಕ್ಕೆ ಬಂದ ಅಧಿಕಾರಿ ಸಾಹೇಬರು ನಮ್ಮ ಟಾಂಗಾ ಸಂಘದ ನಿಯಮ ಕೇಳಿ ನಕ್ಕರು.

"ಬಾರಕೋಲ ಹಿಡಿಯಂಗಿಲ್ಲಂದ್ರ ಬಾಡಿಗಿ ಕುದುರಿ ಹೆಂಗ ಓಡ್ತಾವ್ರಿ? ಯಾರು ನೋಡಾಕ ಬರ್ತಾರ?"

ಟಾಂಗಾ ಹೊಡೆಯುವ ಖಾಸಿಂಸಾಬರ ಹೆಂಡತಿ ಹುಸೇನಬಿ ಮುಂದೆ ಬಂದರು. "ನಮ್ಮ ಕುದುರಿಗೆ ಮೇವು ಹಾಕಾಕಿ ನಾನು. ಕೊನಿ ಗೆರಿ ಹತ್ರ ನಾ ನಿಂದರ್ತೀನಿ. ನೀವು ಸ್ವಲ್ಪ ದಾರಿ ಬಿಡ್ರಿ, ಸಾಹೇಬ್ರ."

ಓಟ ಶುರುವಾದದ್ದೇ ಅಲ್ಲಿ ನಿಂತು ಕಡಲೆಯ ಡಬ್ಬಿ ಅಲ್ಲಾಡಿಸಿ, "ಬಾರೋ ರಾಜಾ!" ಎಂದು ಕೂಗಿದರು. ಕುದುರೆ ಕಿವಿ ನೆಟ್ಟಗೆ ಮಾಡಿ ಧೂಳೆಬ್ಬಿಸಿ ಬಂತು. ಉಳಿದ ಟಾಂಗಾದವರ ಮನೆಯ ಹೆಂಗಸರೂ ಒಬ್ಬೊಬ್ಬರಾಗಿ ಡಬ್ಬಿ ಹಿಡಿದು ನಿಂತರು. ಆ ಗದ್ದಲಕ್ಕೆ ಸಂತೆಗೆ ಹೊರಟವರೂ ಒಳಗೆ ನುಗ್ಗಿದರು. ಕುಷ್ಟಗಿ, ಯಲಬುರ್ಗಾದಿಂದ ಬಂದವರಿಗೆ ಹಗ್ಗದ ಪಕ್ಕ ಜಾಗವೇ ಸಿಗಲಿಲ್ಲ. ನಮ್ಮ ದುಡಿಯುವ ಕುದುರೆಗಳಿಗೆ ಬಿದ್ದ ಆ ಸಿಳ್ಳೆ ಕೇಳಿ ನನ್ನ ಎದೆ ಉಬ್ಬಿತು.

ಸಾಹೇಬರಿಗೆ ಮಾತ್ರ ಓಟ ಕಾಣಲಿಲ್ಲ. ಮುಂದೆ ಬರೀ ಜನರ ಬೆನ್ನು.

"ಮೈದಾನ ನಿಮ್ದ ಇರ್ಲಿ ಬಿಡ್ರಿ," ಎಂದರು.

ಉಳಿದ ನೀರು, ಪಶುವೈದ್ಯರನ್ನು ಕೇಳಲು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರ ಕಚೇರಿಯಲ್ಲೇ ಸಭೆ. ಹುಸೇನಬಿ ಅಧ್ಯಕ್ಷರು.