ಯಾರ ಮನೆಯ ಅಳು

ಮದ್ದೂರಿನ ರೈಲ್ವೆ ಸ್ಟೇಷನ್ ಹತ್ತಿರದ ಒಂದು ಗಲ್ಲಿಯಲ್ಲಿ ರವಿಕೆ ಹೊಲಿದು, ಸೀರೆಗೆ ಫಾಲ್ಸ್ ಹಾಕಿಕೊಟ್ಟು ಬದುಕುತ್ತಿದ್ದ ಶಮೀಮ್ ಬಾನುವಿಗೆ ಎರಡೂ ಕಿಡ್ನಿ ಕೈಕೊಟ್ಟವು. ಗಂಡ ಮುಕರ್ರಂ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮಳವಳ್ಳಿಯಲ್ಲಿ ಬೈಕ್ ಮೆಕ್ಯಾನಿಕ್ ಆಗಿದ್ದ ತಮ್ಮ ಝುಬೇರ್ ತನ್ನದೊಂದು ಕೊಡುತ್ತೇನೆಂದು ಮುಂದೆ ಬಂದ. ಅವನಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಎಂದರು ಡಾಕ್ಟರು. ಇನ್ನುಳಿದದ್ದು ಒಂದೇ ದಾರಿ. ಎಲ್ಲೋ ಯಾರದೋ ಮೆದುಳು ನಿಂತುಹೋಗಿ, ಅವರ ಮನೆಯವರು ಒಪ್ಪಿ, ಆ ಕಿಡ್ನಿ ಇವಳ ಮೈಗೆ ಹೊಂದಬೇಕು. ಅಲ್ಲಿಯವರೆಗೆ ಮಂಡ್ಯಕ್ಕೆ ಓಡಾಡಿ ಡಯಾಲಿಸಿಸ್.

"ಫೋನ್ ಮಾಡಿದ ತಕ್ಷಣ ಬೆಂಗಳೂರಿಗೆ ಹೊರಟುಬಿಡಬೇಕಮ್ಮ. ಆವತ್ತು ಜ್ವರ, ಕೆಮ್ಮು ಇದ್ರೆ ಮುಂದಿನವರಿಗೆ ಹೋಗುತ್ತೆ," ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

ಶಮೀಮ್ ಆ ಮಾತನ್ನು ನಮಾಜಿನಷ್ಟೇ ಶ್ರದ್ಧೆಯಿಂದ ಹಿಡಿದುಕೊಂಡಳು. ಒಂದು ಬ್ಯಾಗಿನಲ್ಲಿ ಬಟ್ಟೆಬರೆ ತುಂಬಿ ಬಾಗಿಲ ಪಕ್ಕ ಇಟ್ಟಳು. ಮೊದಲು ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಳು, ಆಮೇಲೆ ಸಾವಿನ ಮನೆಗಳಿಗೂ. ಗಿರಾಕಿಗಳು ಬಟ್ಟೆಯನ್ನು ಕಿಟಕಿಯಲ್ಲೇ ಕೊಟ್ಟು ಹೋಗುವಂತಾಯಿತು. ತಮ್ಮನ ಮಗಳು ಆಮ್ನಾ ಇವಳ ಮಡಿಲಲ್ಲೇ ಬೆಳೆದವಳು. ಅವಳ ಮದುವೆ ಮಳೆಗಾಲದಲ್ಲಿ ಬಂತು, ಮಳವಳ್ಳಿಯಲ್ಲಿ ಮನೆಮನೆಗೂ ಜ್ವರ. ಶಮೀಮ್ ಕಣ್ಣು ಕೀಲಿಸಿ ಹೊಲಿದ ಮದುವೆ ಬಟ್ಟೆ ಹೋಯಿತು, ಅವಳು ಹೋಗಲಿಲ್ಲ. ಆಮ್ನಾ ಆಮೇಲೆ ಫೋನ್ ಮಾಡಲಿಲ್ಲ.

ಎದುರು ಮನೆಯ ಪಟ್ಟಲಮ್ಮ ಮಾತ್ರ ದಿನಾ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದಳು.

"ದ್ಯಾವ್ರು ಮನ್ಸ್ ಮಾಡುದ್ರೆ ಬತ್ತದೆ ಸಮೀಮಕ್ಕ. ಇಂಗೆ ಬ್ಯಾಗ್ ಕಟ್ಕಂಡು ಒಬ್ಳೇ ಕುಂತ್ಕಂಡ್ರೆ ಬಂದ್ಬುಡ್ತದಾ?"

"ಕೇಳೋದೂ ನನ್ ಕೆಲ್ಸ, ಕೊಟ್ಟಾಗ ಕೈ ಚಾಚೋದೂ ನನ್ ಕೆಲ್ಸಾನೇ ಕಣಕ್ಕ. ಕೇಳ್ಬುಟ್ಟು ಮಲೀಕಂಡ್ರೆ ಅದು ನಂಬ್ಕೇನಾ?"

ಆದರೆ ಪಟ್ಟಲಮ್ಮನಿಗೆ ಹೇಳದ ಒಂದು ತೊಳಲಾಟ ಅವಳಲ್ಲಿತ್ತು. ದುವಾ ಬೇಡಲು ಕೈ ಎತ್ತಿದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಕಿಡ್ನಿ ಕೊಡು ಎಂದು ಬೇಡುವುದೆಂದರೆ ಯಾರದೋ ಮನೆಯಲ್ಲಿ ಅಳು ಏಳಲಿ ಎಂದು ಬೇಡಿದ ಹಾಗಲ್ಲವೇ? ಕೊನೆಗೆ ಅವಳು ಇಷ್ಟು ಮಾತ್ರ ಕೇಳತೊಡಗಿದಳು: ಯಾರ ಕಾಲ ಹೇಗೂ ಮುಗಿದಿದೆಯೋ, ಅವರ ಮನೆಯವರ ಮನಸ್ಸು ದೊಡ್ಡದು ಮಾಡು.

ಬೇಸಿಗೆಯ ಒಂದು ಮಧ್ಯಾಹ್ನ ಫೋನು ಬಂತು. ಪಟ್ಟಲಮ್ಮನ ಮೈದುನ ಕೆಂಪರಾಜು ಉಣ್ಣುತ್ತಿದ್ದ ತಟ್ಟೆ ಬಿಟ್ಟೆದ್ದು ಕಾರು ತಂದ.

"ಕೂತ್ಕೊಳ್ಳಕ್ಕ. ಎಲ್ಲೂ ನಿಲ್ಸಕಿಲ್ಲ, ಸೀದಾ ಆಸ್ಪತ್ರೆಗೇ ಓಯ್ತೀನಿ."

ನಿಡಘಟ್ಟ ದಾಟುವವರೆಗೆ ಶಮೀಮ್ ತಸ್ಬೀಹ್ ಮಣಿ ಎಣಿಸಿದಳು. ಆಮೇಲೆ ಕೈ ಓಡಲಿಲ್ಲ. ಇಷ್ಟು ಹೊತ್ತಿಗೆ ಯಾವುದೋ ಮನೆಯವರು ಹೂಂ ಎಂದು ತಲೆಯಾಡಿಸಿರುತ್ತಾರೆ ಎಂಬುದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಆಸ್ಪತ್ರೆಯಲ್ಲಿ ಅವಳಂತೆ ಇನ್ನೊಬ್ಬಳನ್ನೂ ಕರೆಸಿದ್ದರು. ಶಾಲಿನಿ ಅಂತ, ಇನ್ನೂ ಕಾಲೇಜು ಮುಗಿಸದ ಹುಡುಗಿ, ಜೊತೆಯಲ್ಲಿ ತಾಯಿ. ಇನ್ನೊಂದು ಕಿಡ್ನಿ ಬೇರೆ ಆಸ್ಪತ್ರೆಗೆ ಹೋಗಿತ್ತು; ಇಲ್ಲಿದ್ದ ಒಂದು ಯಾರಿಗೆ ಹೊಂದುತ್ತದೆಂದು ನೋಡಲು ಇಬ್ಬರ ರಕ್ತವನ್ನೂ ತೆಗೆದುಕೊಂಡು ಹೋದರು. ಕೆಂಪರಾಜು ಕೆಳಗೆ ಕಾರಿನಲ್ಲೇ ಇದ್ದ; ಹುಡುಗಿಯ ತಾಯಿ ಶಮೀಮಳ ಪಕ್ಕ ಬಂದು ಕೂತು, "ನಿಮ್ ಜೊತೆ ಯಾರೂ ಬಂದಿಲ್ವಾ?" ಎಂದು ಕೇಳಿದಳು. ತಮ್ಮ ಬರುತ್ತಿದ್ದಾನೆ, ಎಂದಳು ಶಮೀಮ್. ಝುಬೇರ್ ಇನ್ನೂ ಮಳವಳ್ಳಿಯಿಂದ ಬಸ್ಸು ಹತ್ತಿದ್ದನಷ್ಟೆ.

ಹುಡುಗಿಗೆ ಹೆಚ್ಚು ಹೊಂದಿತು. ಡಾಕ್ಟರು ಬಂದು ಮೆಲ್ಲಗೆ ಹೇಳಿದರು: "ನಿಮ್ಮ ಹೆಸರು ಹಾಗೇ ಇರುತ್ತಮ್ಮ. ಈ ಸಲ ಮನೆಗೆ ಹೋಗಿ."

ಶಮೀಮ್ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚೂ ಬಂತು, ದೇವರ ಮೇಲೆ ಸಿಟ್ಟೂ ಬಂತು. ಮುಖ ತೊಳೆದು ಹೊರಗೆ ಬಂದರೆ ಆ ತಾಯಿ ಅವಳತ್ತ ನೋಡಲಾರದೆ ಗೋಡೆ ನೋಡುತ್ತಿದ್ದಳು. ಶಮೀಮ್ ಸುಮ್ಮನೆ ಹೋಗಿಬಿಡಬೇಕೆಂದಿದ್ದವಳು ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿರಮ್ಮ," ಎಂದಳು. ಅಷ್ಟೇ ಬಾಯಿಗೆ ಬಂದದ್ದು.

ಕೆಳಗೆ ಮೆಟ್ಟಿಲ ಹತ್ತಿರ ಒಂದಷ್ಟು ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತಿದ್ದರು. ಹೂಂ ಎಂದ ಆ ಮನೆಯವರು ಇವರೇನೋ, ಬೇರೆ ಯಾರೋ, ಅವಳಿಗೆ ತಿಳಿಯಲಿಲ್ಲ. ಸೆರಗು ತಲೆಗೆ ಎಳೆದುಕೊಂಡು ಅವರನ್ನು ದಾಟಿದಳು.

ಮರುದಿನ ಕಿಟಕಿಯಲ್ಲಿ ಪಟ್ಟಲಮ್ಮನಿಗೇ ಅಳು ಒತ್ತರಿಸಿ ಬಂದಿತ್ತು. "ಇಷ್ಟ್ ದಿನ ಕಾದ್ಯಲ್ಲಕ್ಕ, ಏನ್ ಬಂತು?"

"ನಾನು ರೆಡಿ ಇದ್ದೆ ಕಣಕ್ಕ. ರೆಡಿ ಇದ್ದೋರ್ಗೇ ಕೊಡ್ತೀನಿ ಅಂತ ಅವ್ನೇನೂ ಮಾತ್ ಕೊಟ್ಟಿರ್ನಿಲ್ಲ."

ಕೆಲವು ದಿನ ಅವಳಿಗೆ ದುವಾ ಬರಲಿಲ್ಲ. ನಮಾಜು ಮುಗಿಸಿ ಚಾಪೆ ಮಡಿಸಿ ಎದ್ದುಬಿಡುತ್ತಿದ್ದಳು. ಆಮೇಲೊಂದು ದಿನ ಶಾಲಿನಿಯ ಹೆಸರು ತಾನಾಗಿ ಬಾಯಿಗೆ ಬಂತು; ಮೆಟ್ಟಿಲ ಹತ್ತಿರ ಅಳುತ್ತಿದ್ದ ಹೆಸರಿಲ್ಲದವರೂ ಬಂದರು. ತನ್ನ ಪಾಳಿ ಅವಳು ಕೊನೆಗೆ ಕೇಳಿಕೊಂಡಳು.

ಆ ಭಾನುವಾರ ಮಾಸ್ಕ್ ಹಾಕಿಕೊಂಡು ಮಳವಳ್ಳಿ ಬಸ್ಸು ಹತ್ತಿದಳು. ತವರಿಗೆ ಬಂದಿದ್ದ ಆಮ್ನಾ ಬಾಗಿಲು ತೆಗೆದು, ಅತ್ತೆಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಕೋಪವಿರಬೇಕು ಎಂದುಕೊಂಡಳು ಶಮೀಮ್.

"ಹತ್ತಿರ ಬರಬೇಡಿ ಫುಪ್ಪು, ನನಗೆ ನೆಗಡಿ," ಎಂದಳು ಆಮ್ನಾ.

ಒಳಗೆ ಕಾಲಿಡಲೂ ಆಗದೆ, ವಾಪಸ್ಸು ತಿರುಗಲೂ ಆಗದೆ ಶಮೀಮ್ ನಿಂತಳು. ಆಮ್ನಾ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಜಗಲಿಗೆ ತಳ್ಳಿ, ತಾನು ಒಳಗೆ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಆಮೇಲೆ ಆಮ್ನಾ ಮೂಗು ಒರೆಸಿಕೊಂಡು ಮದುವೆಯ ದಿನ ಏನೇನಾಯಿತೆಂದು ಮೊದಲಿನಿಂದ ಹೇಳತೊಡಗಿದಳು.