ಮಗಳ ಗ್ಯಾರೇಜಿಗೆ ಹೋಗಿ ಬಂದದ್ದು

ಬುಧವಾರ ನನಗೆ ವಾರದ ರಜೆ. ಉಳಿದ ದಿನಗಳಲ್ಲಿ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು ನಾನು. ಆ ಬುಧವಾರ ಬೆಳಿಗ್ಗೆ ವಡಾಲದ ನಮ್ಮ ಬಿಲ್ಡಿಂಗಿನ ಕೆಳಗೆ ನಿಂತು ಕಿಕ್ ಹೊಡೆದು ಹೊಡೆದು ಕಾಲು ನೋಯುವ ಹೊತ್ತಿಗೆ ನನ್ನ ಹಳೆಯ ಬೈಕು ಸ್ಟಾರ್ಟ್ ಆಯಿತು. ಕಾಂದಿವಲಿಗೆ ಹೊರಟಿದ್ದೆ. ರಸ್ತೆಯಲ್ಲಿ ಸುಮಾರು ಮೂವತ್ತು ಕಿಲೋಮೀಟರ್. ಊರಿನವರಿಗೆ ಅಂದಾಜಾಗಲೆಂದು ಹೇಳುವುದಾದರೆ, ಕುಂದಾಪುರದಿಂದ ಬೈಂದೂರಿಗೆ ಹೋದಷ್ಟು ದೂರ. ಆದರೆ ಇಲ್ಲಿ ಅದಕ್ಕೆ ಒಂದೂವರೆ ಗಂಟೆ ಬೇಕು.

ಬೈಕ್ ಸರ್ವಿಸಿಂಗಿಗೆ ಅಷ್ಟು ದೂರ ಯಾಕೆಂದರೆ, ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸರ್ವಿಸ್ ಸೆಂಟರಿನಲ್ಲಿ ನನ್ನ ಮಗಳು ಶ್ರಾವ್ಯಾ ಮೆಕ್ಯಾನಿಕ್. ಐಟಿಐ ಮುಗಿಸಿ ಈ ಬೇಸಿಗೆಯಲ್ಲಿ ಕೆಲಸಕ್ಕೆ ಸೇರಿದ್ದಳು, ಮನೆಯಿಂದ ದಿನಾ ಲೋಕಲ್ ರೈಲಿನಲ್ಲಿ ಹೋಗಿ ಬರುತ್ತಿದ್ದಳು. "ಅಪ್ಪಯ್ಯ, ಮಳೆಗಾಲ ಮುಗೀತಲ್ಲ, ಚೈನ್ ಪೂರಾ ಜಂಗ್ ಹಿಡ್ದಿತ್. ನಮ್ಮಲ್ಲಿಗ್ ತಕಂಡ್ ಬನ್ನಿ. ಸ್ಟಾಫ್ ಫ್ಯಾಮಿಲಿಗೆ ಲೇಬರ್ ಫ್ರೀ," ಎಂದು ತನ್ನ ಅರೆಬರೆ ಕುಂದಾಪುರ ಭಾಷೆಯಲ್ಲಿ ವಾರಗಟ್ಟಲೆ ಕರೆದಿದ್ದಳು. ನಾನು ಮುಂದೂಡುತ್ತಲೇ ಬಂದಿದ್ದೆ. ವಡಾಲದ ಗ್ಯಾರೇಜಿನವನು ನಾಲ್ಕೂವರೆ ಸಾವಿರ ಎಂದಾಗ ಬೇರೆ ದಾರಿ ಕಾಣಲಿಲ್ಲ. ನಾನು ಬರುತ್ತೇನೆಂದು ಹಿಂದಿನ ಸಂಜೆ ಹೇಳಿದಾಗ ಅವಳು ಕುಣಿದಾಡಿಬಿಟ್ಟಳು.

ಪಂಪಿನಲ್ಲಿ ನೂರು ರೂಪಾಯಿಗೆ ಒಂದು ಲೀಟರೂ ಬರಲಿಲ್ಲ. ಧಾರಾವಿ ದಾಟಿ ಕಲಾನಗರದ ಸಿಗ್ನಲಿಗೆ ಬಂದಾಗ ಬ್ರೇಕು ಎಷ್ಟು ಒತ್ತಿದರೂ ಬೈಕು ತನ್ನಿಷ್ಟದಂತೆ ಮುಂದಕ್ಕೆ ಹೋಗಿ, ಮುಂದಿನ ಟ್ಯಾಕ್ಸಿಗೆ ಗೇಣು ದೂರದಲ್ಲಿ ನಿಂತಿತು. ಎಕ್ಸ್‌ಪ್ರೆಸ್ ಹೈವೇಯಲ್ಲಿ ಮಳೆ ಬಿಟ್ಟುಹೋದ ಹೊಂಡಗಳು, ಅಕ್ಟೋಬರಿನ ಬಿಸಿಲು. ಅಂಧೇರಿಯ ಫ್ಲೈಓವರ್ ಇಳಿಯುವಾಗ ಚೈನ್ ಕಳಚಿಯೇ ಹೋಯಿತು.

ಬದಿಗೆ ತಳ್ಳಿಕೊಂಡು ಬಂದು ಹೆಂಡತಿಗೆ ಫೋನಿನಲ್ಲಿ ಹೇಳುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಆಟೋದವನು ಇಳಿದು ಬಂದ. "ಏನ್ರೀ ಅಣ್ಣಾರ, ಚೈನ್ ಬಿತ್ತೇನ್ರಿ? ನಮ್ದು ಇಂಡಿ ಕಡೆ ರೀ. ಕನ್ನಡ ಕೇಳಿ ಬಂದೆ." ನಾನು ಹಿಂದಿನ ಚಕ್ರ ತಿರುಗಿಸುತ್ತಿದ್ದಂತೆ ಅವನು ಸ್ಕ್ರೂಡ್ರೈವರಿನಿಂದ ಚೈನನ್ನು ಹಲ್ಲಿಗೆ ಕೂರಿಸಿದ. ಎಲ್ಲಿಗೆ ಎಂದು ಕೇಳಿದ.

"ಕಾಂದಿವಲಿಗೆ. ನನ್ನ ಮಗಳು ಅಲ್ಲಿ ಬೈಕ್ ಮೆಕ್ಯಾನಿಕ್," ಎಂದೆ.

"ಮಗಳಾ? ಭಾರಿ ಆತ್ ಬಿಡ್ರಿ! ನಿಮಗೇನ್ ಚಿಂತಿ, ಮನ್ಯಾಗ ಮೆಕ್ಯಾನಿಕ್ ಇದ್ದಾಳ!"

ನಾನೂ ನಕ್ಕೆ. ಅವಳು ಇಂಜಿನ್ ಬಿಚ್ಚಿ ಜೋಡಿಸುತ್ತಾಳೆ ಎಂದು ಕೇಳದಿದ್ದರೂ ಹೇಳಿದೆ. ಇಬ್ಬರೂ ಬದಿಯ ಅಂಗಡಿಯಲ್ಲಿ ಚಹಾ ಕುಡಿದೆವು, ಹಣವನ್ನು ನಾನೇ ಕೊಟ್ಟೆ.

ಹತ್ತು ಗಂಟೆಯ ಹೊತ್ತಿಗೆ ಕಾಂದಿವಲಿ ತಲುಪಿದೆ. ಪ್ಲಾಸ್ಟಿಕ್ ಅಚ್ಚಿನ ಕಾರ್ಖಾನೆಗಳ ನಡುವೆ ಉದ್ದನೆಯ ಶೆಡ್ಡು. ವಾಚ್‌ಮನ್ ಬೈಕನ್ನು ಒಳಗೆ ತೆಗೆದುಕೊಂಡು ಹೋಗಿ, ನನಗೆ ಕುರ್ಚಿಗಳ ಸಾಲನ್ನು ತೋರಿಸಿದ. ಅಲ್ಲಿ ನೋಡಿದರೆ ಶೀನಣ್ಣ ಕೂತಿದ್ದಾರೆ!

ಶೀನಣ್ಣ ನಮ್ಮ ಊರಿನವರ ಮಿತ್ರಮಂಡಳಿಯ ಹಿರಿಯರು. ಮಲಾಡಿನಲ್ಲಿ ಅವರದು ಸ್ವಂತ ಹೋಟೆಲು. ತಮ್ಮ ತಂಗಿಯ ಮಗನಿಗೆ ಶ್ರಾವ್ಯಾಳನ್ನು ಕೇಳುವ ಯೋಚನೆಯಿದೆ ಎಂದು ಗಣೇಶ ಚೌತಿಯ ದಿನ ಅವರೇ ಸೂಚಿಸಿದ್ದರು. ಹುಡುಗಿ ಏನು ಮಾಡುತ್ತಾಳೆ ಎಂದು ಅವರು ಕೇಳಿದ್ದಕ್ಕೆ ನಾನು ಬೈಕ್ ಕಂಪೆನಿಯ ಆಫೀಸಿನಲ್ಲಿ ಎಂದಿದ್ದೆ. ಅವಳನ್ನು ಅವರು ನೋಡಿದ್ದು ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಲ್ಲಿ.

"ಹೋಯ್ ಮಾಧವ, ನೀನ್ ಎಂತ ಇಲ್ಲಿ?" ಎಂದು ಕೈ ಹಿಡಿದು ಕೂರಿಸಿಕೊಂಡರು. ತಮ್ಮ ಬೈಕಿನ ಕ್ಲಚ್ ಸರಿಯಿಲ್ಲವೆಂದು ಸ್ವಲ್ಪ ಹೊತ್ತು ದೂರಿದರು. ಆಮೇಲೆ, "ಅಲ್ಲ, ನಿನ್ ಹೆಣ್ ಇದೇ ಕಂಪೆನಿಯಂಗೆ ಇಪ್ಪುದಲ್ದಾ? ಈ ಬ್ರಾಂಚಾ?" ಎಂದರು.

ಅದೇ ಹೊತ್ತಿಗೆ ಶ್ರಾವ್ಯಾ ಶೆಡ್ಡಿನಿಂದ ಹೊರಗೆ ಬರುತ್ತಿದ್ದಳು. ನೀಲಿ ಯೂನಿಫಾರ್ಮು, ಕ್ಯಾಪು, ಮೂಗಿಗೆ ಮಾಸ್ಕು, ಮೊಣಕೈವರೆಗೆ ಕಪ್ಪು ಗ್ರೀಸು. ನನ್ನನ್ನು ಕಂಡು ಅವಳ ಕಣ್ಣು ಅರಳಿದ್ದನ್ನು ನಾನು ನೋಡಿದೆ. ನೋಡಿಯೂ ಹೇಳಿದೆ:

"ಇಲ್ಲಲ್ಲ ಶೀನಣ್ಣ. ಅವ್ಳ್ ಪರೇಲ್ ಆಫೀಸಂಗೆ. ಕಂಪ್ಯೂಟರ್ ಕೆಲ್ಸ."

ಅವಳ ಹೆಜ್ಜೆ ನಿಂತಿತು. ಕನ್ನಡ ಆಡಲು ತಡವರಿಸುತ್ತಾಳೆ ಹೊರತು ಕೇಳಿದರೆ ಎಲ್ಲ ಅರ್ಥವಾಗುತ್ತದೆ. ಮತ್ತೆ ನಡೆದು ಬಂದು ನನ್ನ ಎದುರು ನಿಂತಳು. "ಸರ್, ಆಪ್ ಕೀ ಗಾಡಿ ಕಾ ಬ್ರೇಕ್ ಶೂ ಔರ್ ಚೈನ್ ಸೆಟ್, ದೋನೋ ಬದಲ್‌ನಾ ಪಡೇಗಾ. ಕರ್ ದೂಂ?"

"ಹಾಂ," ಎಂದೆ. ಬ್ರೇಕ್ ಶೂ, ಚೈನ್ ಸೆಟ್ ಎರಡನ್ನೂ ಬದಲಾಯಿಸಲು ಯಾರೋ ಗಿರಾಕಿಯಂತೆ ಒಪ್ಪಿಗೆ ಕೊಟ್ಟೆ.

ಅವಳು ತಿರುಗಿ ಹೋಗುತ್ತಿದ್ದಂತೆ ಶೀನಣ್ಣ ನನ್ನ ಕಡೆ ಬಾಗಿದರು. ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ದನಿಯನ್ನೇನೂ ತಗ್ಗಿಸಲಿಲ್ಲ. "ಕಾಣ್ ಮಾರಾಯ, ಈಗ ಹೆಣ್ಮಕ್ಳೂ ಈ ಕೆಲ್ಸಕ್ ಬಂದಿದ್ರ್. ಯಾರ್ ಮನಿ ಹೆಣ್ಣೋ ಏನೋ. ಹೆತ್ತವ್ರ್ ಹ್ಯಾಂಗ್ ಕಳ್ಸ್ತ್ರ್?"

ನಾನು ಸುಮ್ಮನೆ ತಲೆಯಾಡಿಸಿದೆ. ಅದು ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿಲ್ಲ. ಅವರಿಗೆ ಹೌದೆಂದು ಕಂಡಿರಬೇಕು.

ಅರ್ಧ ಗಂಟೆಯಲ್ಲಿ ಅವರ ಬೈಕು ಸಿದ್ಧವಾಗಿ ಅವರು ಹೋದರು. ನಾನು ಕೂತೇ ಇದ್ದೆ. ಗಾಜಿನ ಆಚೆ ಶ್ರಾವ್ಯಾ ನನ್ನ ಬೈಕಿನ ಹಿಂದಿನ ಚಕ್ರ ಬಿಚ್ಚಿದಳು, ಸವೆದು ತೆಳ್ಳಗಾದ ಬ್ರೇಕ್ ಶೂ ತೆಗೆದು ಬದಿಗಿಟ್ಟಳು, ಹಳೆಯ ಆಯಿಲನ್ನು ಡಬ್ಬಕ್ಕೆ ಇಳಿಸಿದಳು. ಒಮ್ಮೆಯೂ ಈ ಕಡೆ ನೋಡಲಿಲ್ಲ. ಈಗಲಾದರೂ ಒಳಗೆ ಹೋಗಿ ಹೆಗಲ ಮೇಲೆ ಕೈ ಇಡಬಹುದಿತ್ತು. ಏಳಬೇಕೆಂದು ಎರಡು ಸಲ ಕುರ್ಚಿಯ ಅಂಚಿಗೆ ಬಂದೆ, ಎರಡು ಸಲವೂ ಹಿಂದಕ್ಕೆ ಒರಗಿದೆ.

ಮಧ್ಯಾಹ್ನ ಅವಳು ಬೈಕನ್ನು ಒಂದು ಸುತ್ತು ಓಡಿಸಿ ತಂದು ಕ್ಯಾಶ್ ಕೌಂಟರಿಗೆ ಬಂದಳು. ನಾನು ಅಲ್ಲೇ ಪಾಕೀಟು ಹಿಡಿದು ನಿಂತಿದ್ದೆ. ಕೌಂಟರಿನ ಹುಡುಗಿ ನೇಹಾ ಬಿಲ್ ಮಾಡುತ್ತಲೇ ಅವಳನ್ನು ಕೇಳಿದಳು: "ಅರೇ ಶ್ರಾವ್ಯಾ, ಆಜ್ ತೇರೇ ಪಾಪಾ ಆನೇವಾಲೇ ಥೇ ನಾ? ಸುಬಹ್ ಸೇ ಸಬ್ ಕೋ ಬೋಲ್ ರಹೀ ಥೀ."

"ನಹೀ ಆಯೇ," ಎಂದಳು ಶ್ರಾವ್ಯಾ. "ಡ್ಯೂಟಿ ಲಗ್ ಗಯೀ."

ಅಪ್ಪ ಬರುತ್ತಾರೆಂದು ಬೆಳಿಗ್ಗೆಯಿಂದ ಎಲ್ಲರಿಗೂ ಹೇಳಿಕೊಂಡವಳು ಈಗ ಅಪ್ಪ ಬರಲಿಲ್ಲ, ಡ್ಯೂಟಿ ಬಿತ್ತು ಎನ್ನುತ್ತಿದ್ದಳು. ಶೀನಣ್ಣ ಅಲ್ಲಿರಲಿಲ್ಲ. ಪರಿಚಯದ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ಆದರೂ ನಾನೇ ಅವಳಪ್ಪ ಎನ್ನದೆ ಪಾಕೀಟು ಬಿಚ್ಚಿದೆ. ಆಯಿಲು, ಬ್ರೇಕ್ ಶೂ, ಚೈನ್ ಸೆಟ್ಟು, ಏರ್ ಫಿಲ್ಟರ್ ಸೇರಿ ಎರಡು ಸಾವಿರದ ಆರುನೂರ ಇಪ್ಪತ್ತು. ಲೇಬರ್ ಆರುನೂರ ಐವತ್ತು. ಪೂರ್ತಿ ಕೊಟ್ಟೆ. ಶ್ರಾವ್ಯಾ ಕೀಲಿಯನ್ನು ನನ್ನ ಕೈಗೆ ಕೊಡದೆ ಕೌಂಟರಿನ ಮೇಲಿಟ್ಟು, "ಥ್ಯಾಂಕ್ಯೂ ಸರ್," ಎಂದಳು.

ಮೊದಲ ಕಿಕ್ಕಿಗೇ ಬೈಕು ಸ್ಟಾರ್ಟ್ ಆಯಿತು. ಹೈವೇಯಲ್ಲಿ ಸದ್ದೇ ಇಲ್ಲದೆ ಓಡಿತು, ಎಲ್ಲಿ ಒತ್ತಿದರೆ ಅಲ್ಲಿ ನಿಂತಿತು. ಅದು ಚೆನ್ನಾಗಿ ಓಡಿದಷ್ಟೂ ನನಗೆ ಸಂಕಟವಾಯಿತು. ಗೋರೆಗಾಂವಿನ ಒಂದು ಹೋಟೆಲಿನಲ್ಲಿ ರೈಸ್ ಪ್ಲೇಟ್ ತರಿಸಿದೆ. ಎರಡು ತುತ್ತು ಉಂಡು ಕೈ ತೊಳೆದೆ. ಅಲ್ಲಿಂದ ವಡಾಲದ ಕಡೆ ಹೋಗಲಾಗಲಿಲ್ಲ. ಸೇತುವೆಯ ಕೆಳಗೆ ತಿರುಗಿಸಿಕೊಂಡು ಮತ್ತೆ ಕಾಂದಿವಲಿಗೆ ಬಂದು, ಸರ್ವಿಸ್ ಸೆಂಟರಿನ ಗೇಟಿನ ಎದುರು ಸಂಜೆಯವರೆಗೆ ನಿಂತೆ. ನಿಂತಲ್ಲಿಂದಲೇ ಶೀನಣ್ಣನಿಗೆ ಫೋನ್ ಮಾಡಿ, ಬೆಳಿಗ್ಗೆ ನೋಡಿದ ಆ ಹುಡುಗಿಯೇ ನನ್ನ ಮಗಳು ಎಂದೆ. "ಹೌದಾ... ಆಯ್ತ್, ಕಾಂಬ," ಎಂದು ಇಟ್ಟರು. ಆ ಸಂಬಂಧದ ಮಾತು ಮತ್ತೆ ಬರಲಿಲ್ಲ.

ಆರು ಗಂಟೆಗೆ ಶ್ರಾವ್ಯಾ ನೇಹಾಳ ಜೊತೆ ಹೊರಗೆ ಬಂದಳು. "ಶ್ರಾವ್ಯಾ!" ಎಂದು ಕೂಗಿ ರಸ್ತೆ ದಾಟಿದೆ. ನೇಹಾಳಿಗೆ, "ಮೈ ಇಸ್ ಕಾ ಪಾಪಾ," ಎಂದೆ.

ಬೆಳಗಿನ ಗಿರಾಕಿಯನ್ನು ಆ ಹುಡುಗಿ ಗುರುತು ಹಿಡಿದಳು. ನನ್ನನ್ನು ನೋಡಿದಳು, ಶ್ರಾವ್ಯಾಳನ್ನು ನೋಡಿದಳು, "ನಮಸ್ತೇ ಅಂಕಲ್," ಎಂದು ನೆಲ ನೋಡಿದಳು. ಶ್ರಾವ್ಯಾಳ ಮುಖ ಕೆಂಪೇರಿತ್ತು. ನಿಜ ಹೇಳಿ ಹಗುರಾಗಲೆಂದು ಬಂದವನು ನಾನು. ನನ್ನನ್ನು ಉಳಿಸಲು ಅವಳು ಹೇಳಿದ ಸುಳ್ಳನ್ನು ಅವಳ ಗೆಳತಿಯ ಎದುರೇ ಹಿಡಿದುಕೊಟ್ಟಿದ್ದೆ.

"ಇನ್ನೂ ಹೋಯ್ಲಿಲ್ಯಾ ಅಪ್ಪಯ್ಯ?" ಎಂದಳು ಮೆಲ್ಲಗೆ.

"ಒಟ್ಟಿಗೇ ಹೋಪ," ಎಂದೆ.

"ಬೇಡ. ನಾನ್ ಲೋಕಲಿಗೆ ಬತ್ತೆ. ನೀವ್ ನಿಧಾನ ಬನ್ನಿ." ನೇಹಾಳ ತೋಳು ಹಿಡಿದು ಸ್ಟೇಷನ್ ಕಡೆ ನಡೆದಳು. ರಸ್ತೆಯ ತಿರುವಿನಲ್ಲಿ ಹಿಂತಿರುಗಿ ನೋಡುತ್ತಾಳೇನೋ ಎಂದು ಕಾದೆ. ನೋಡಲಿಲ್ಲ.

ಹೈವೇಯಲ್ಲಿ ಸಂಜೆಯ ಗದ್ದಲ. ನಾನು ಮನೆ ಸೇರುವಾಗ ಅವಳು ಆಗಲೇ ಬಂದು ಸ್ನಾನ ಮಾಡಿ, ಕೂದಲು ಒರೆಸುತ್ತಾ ಕೂತಿದ್ದಳು. ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು, "ಇದೆಂತ, ಅಪ್ಪ ಮಗ್ಳ್ ಬೇರೆ ಬೇರೆ ಬಂದದ್ದ್?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಶ್ರಾವ್ಯಾ, "ಹೆಲ್ಮೆಟ್ ಒಂದೇ ಇದ್ದಿತ್ ಅಮ್ಮ," ಎಂದಳು.

"ಅದಲ್ಲ," ಎಂದೆ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ಅವಳ ಎದುರಿಗೇ, ಶೀನಣ್ಣ ನನ್ನ ಕೈ ಹಿಡಿದು ಕೂರಿಸಿಕೊಂಡಲ್ಲಿಂದ ಶುರುಮಾಡಿ ಹೇಳತೊಡಗಿದೆ. ಶ್ರಾವ್ಯಾ ಟವೆಲನ್ನು ಮುಖಕ್ಕೆ ಎಳೆದುಕೊಂಡಳು. ಎದ್ದು ಒಳಗೆ ಹೋಗಲಿಲ್ಲ.